ಬಿಸಿಲು ಮಗ್ಗುಲಿನ ಹಿಮ

"ಈ ಸಲ ಅಲ್ತಿನ್-ಕುನ್‌ಗೆ ಹೋಗೋದು. ಫೋನಲ್ಲಿ ಮಾತಾಡಿ ಆಯ್ತು," ಎಂದು ಮಾವ ಹೇಳಿದಾಗ ಜಿಪಾರಾ ಸಮೊವಾರದ ನಲ್ಲಿ ತಿರುಗಿಸಿ ಬಟ್ಟಲಿಗೆ ಚಹಾ ಬಿಡುತ್ತಿದ್ದಳು. ಸೊಸೆ ಕೊಡುವ ಚಹಾ ಬಟ್ಟಲಿನ ಅರ್ಧ ದಾಟಬಾರದು. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ನಡೆಯಿರಿ ಎಂದ ಹಾಗೆ. ಆ ಸಂಜೆ ಮಾತ್ರ ಬಟ್ಟಲು ತುಂಬಿ, ತುಳುಕಿ, ಹಾಸಿದ ಬಟ್ಟೆಯ ಮೇಲೆ ಹರಿದು, ಗಂಡನ ಅಕ್ಕ ಅನಾರ್ಕಾನಳ ತೊಡೆಗೆ ಇಳಿಯಿತು.

"ಅಯ್ಯೋ ಸುಟ್ಟೋಯ್ತು. ಏನೇ ಹಲ್ಲು ಡಾಕ್ಟ್ರೇ, ಆಸ್ಪತ್ರೇಲೂ ರೋಗಿ ಬಾಯಿಗೆ ಹಿಂಗೇ ಸುರೀತೀಯಾ?"

"ತಪ್ಪಾಯ್ತು ಎಜೆ," ಎಂದು ಜಿಪಾರಾ ಬಟ್ಟೆ ತಂದು ಒರೆಸಿದಳು. ಗಂಡನ ಅಕ್ಕನನ್ನು ಎಜೆ ಎನ್ನಬೇಕು, ಹೆಸರು ಹಿಡಿಯುವಂತಿಲ್ಲ.

ಚಹಾ ಒರೆಸಿದ್ದಾಯಿತು, ಎದೆ ಧಸಕ್ಕೆಂದದ್ದು ಹಾಗೇ ಉಳಿಯಿತು. ಏಪ್ರಿಲ್ ತಿಂಗಳಲ್ಲಿ ಅಲ್ತಿನ್-ಕುನ್. ಬೆಳಗಿನಿಂದ ಸಂಜೆಯವರೆಗೆ ಸೂರ್ಯನಿಗೆ ಎದೆಯೊಡ್ಡಿ ನಿಂತ ಬೆಟ್ಟ. ವಸಂತದ ನೂರುಜ್ ಹಬ್ಬ ಕಳೆದ ಮೇಲೆ ಅಂಥಾ ಮಗ್ಗುಲಲ್ಲಿ ಕುರಿ ಮೇಯಿಸಬೇಕೇ ಹೊರತು ಸ್ಕೀ ಕಟ್ಟಬಾರದು. ಬಿಸಿಲು ಮಗ್ಗುಲಲ್ಲಿ ಹಿಮ ಬೇಗ ಕೊಳೆಯುತ್ತದೆ, ನೆರಳು ಮಗ್ಗುಲಲ್ಲಿ ಉಳಿಯುತ್ತದೆ. ಇದು ನಮ್ಮಲ್ಲಿ ಮೊನ್ನೆ ಹುಟ್ಟಿದ ಕೂಸಿಗೂ ಗೊತ್ತು. ಗೊತ್ತಿದ್ದರೇನು, ಗಾಜಿನ ಗೋಡೆಯ ಹೊಸ ಹೋಟೆಲು ಎದ್ದಿತೆಂದರೆ ಜನ ಅಪ್ಪ ಅಜ್ಜಂದಿರು ಕಲಿಸಿದ್ದನ್ನೆಲ್ಲ ಮರೆತು ಗಾಡಿ ಹತ್ತುತ್ತಾರೆ.

ಆ ಮನೆಯಲ್ಲಿ ಸ್ಕೀ ಆಡುವವರು ನಾಲ್ವರು. ಮಾವ ಜೀವಮಾನವೆಲ್ಲ ಬಿಷ್ಕೆಕ್ ನಗರದ ಬಸ್ಸು ಓಡಿಸಿ ನಿವೃತ್ತನಾದವನು. ಮನೆಯಲ್ಲಿ ಕೂತು ಕೂತು ಬೇಸರ ಬಂದು, ಮೊಮ್ಮಕ್ಕಳ ವಯಸ್ಸಿನ ಹುಡುಗರ ಜೊತೆ ನಿಂತು ಸ್ಕೀ ಕಲಿತಿದ್ದ. ಅವನನ್ನು ನೋಡಿ ಮಗ ತಿಲೆಕ್ ಕಲಿತ, ತಿಲೆಕ್‌ನನ್ನು ನೋಡಿ ಹೊಟ್ಟೆಕಿಚ್ಚಿಗೆ ಅನಾರ್ಕಾನ್ ಕಲಿತಳು. ಕಲಿಸಿದವರು ಮೂವರನ್ನೂ ನಡುವಿನ ದರ್ಜೆಯಲ್ಲಿಟ್ಟಿದ್ದರು. ತಿರುಗುತ್ತಾರೆ, ನಿಲ್ಲುತ್ತಾರೆ, ಕಡಿದಾದ ಕಡೆ ಮಾತ್ರ ಮಂಡಿ ನಡುಗುತ್ತದೆ. ಹೊಸಬರಿಗೆ ಭಯವಿರುತ್ತದೆ, ಪಳಗಿದವರಿಗೆ ಬುದ್ಧಿಯಿರುತ್ತದೆ, ಎರಡೂ ಸಾಲದೆ ಕೈಕಾಲು ಮುರಿದುಕೊಳ್ಳುವವರು ಈ ನಡುವಿನವರೇ ಎಂದು ಜಿಪಾರಾಳ ಅಭಿಪ್ರಾಯ. ಅವಳದು ಬೇರೆ ಕಥೆ. ಹುಟ್ಟಿದ್ದು ಬೆಟ್ಟದ ಮೇಲಿನ ಕಲ್ಲಿದ್ದಲು ಗಣಿಯ ಊರಲ್ಲಿ, ಶಾಲೆಗೆ ಹೋದದ್ದೇ ಸ್ಕೀ ಮೇಲೆ. ಪಕ್ಕದ ಮನೆಯವರ ಕುದುರೆ ಲಾಯವನ್ನು ವಸಂತದ ಒಂದು ಮಧ್ಯಾಹ್ನ ಬಿಸಿಲು ಮಗ್ಗುಲಿನ ಹಿಮ ಎತ್ತಿಕೊಂಡು ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಹೋದ ವಾರವಷ್ಟೇ ತಿಲೆಕ್ ಅವಳನ್ನು ಕೇಳಿದ್ದ, ಈ ಹೊತ್ತಲ್ಲಿ ಯಾವ ಜಾಗ ಒಳ್ಳೇದು ಎಂದು. ಅವಳು ಯೋಚಿಸಿಯೇ ಹೇಳಿದ್ದಳು: ಕರಾ-ಕೊಲೊತ್. ಎತ್ತರದಲ್ಲಿದೆ, ನೆರಳಲ್ಲಿದೆ, ತಿಂಗಳ ಕೊನೆಯವರೆಗೆ ಹಿಮ ಗಟ್ಟಿ ಇರುತ್ತದೆ. ಮೇಲ್ಗಡೆ ಕಡಿದು ನಿಜ, ಕೆಳಗಿನ ಅರ್ಧ ನಿಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ತಿಲೆಕ್ ಅದನ್ನು ಅಪ್ಪನಿಗೆ ದಾಟಿಸಿದ್ದ ಕೂಡ.

"ಕರಾ-ಕೊಲೊತ್ ಅಂದ್ರಲ್ಲ," ಎಂದು ಮಾವ ಈಗ ಅದನ್ನೂ ಎತ್ತಿದ. "ಅಲ್ಲಿ ಏನಿದೆ ಹೇಳ್ರೋ. ಲಿಫ್ಟು ನನಗಿಂತ ಮುದಿ. ಚಹಾ ಬೇಕು ಅಂದ್ರೆ ತಗಡಿನ ಡಬ್ಬದೊಳಗೆ ನಿಂತ್ಕೊಂಡು ಕುಡೀಬೇಕು. ನಿಮ್ಮಮ್ಮ ಎಲ್ಲಿ ಕೂತ್ಕೋತಾಳೆ? ಮಂಡಿ ಕೊಯ್ಸಿಕೊಂಡಿರೋಳು, ಹಿಮದಲ್ಲಿ ನಿಂತಿರ್ತಾಳಾ? ಅಲ್ತಿನ್-ಕುನ್‌ನಲ್ಲಿ ಗಾಜಿನ ಮನೆ ಇದೆ. ಬೆಚ್ಚಗೆ ಕೂತು ನೋಡ್ಬಹುದು. ಇಳಿಜಾರು ನೋಡಿದ್ರೆ ನಮ್ ಡಿಪೋ ಅಂಗಳದಷ್ಟು ಅಗಲ."

ಅತ್ತೆ ಸುಯುಮ್‌ಕಾನ್ ರೊಟ್ಟಿ ಮುರಿದಳು. ಗಂಡ ಸ್ಕೀ ಆಡುವುದನ್ನು ಅವಳು ಇದುವರೆಗೆ ನೋಡಿರಲಿಲ್ಲ. ತೋರಿಸಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದು ಆ ಮಾತಿನಿಂದ ಎಲ್ಲರಿಗೂ ತಿಳಿಯಿತು. ಜಿಪಾರಾಳ ಬಾಯಿ ಕಟ್ಟಿದ್ದು ಇದೇ.

ಅಷ್ಟರಲ್ಲಿ ಮುದುಕ ಎರಡೂ ಅಂಗೈ ಮೇಲೆತ್ತಿದ್ದ. ಎಲ್ಲರೂ ಎತ್ತಿದರು. "ದಾರಿ ಸುಗಮವಾಗಲಿ, ಹಿಮ ಮೆತ್ತಗಿರಲಿ, ಹೋದೋರೆಲ್ಲ ನಗ್ತಾ ವಾಪಸ್ ಬರಲಿ. ಓಮಿನ್." ಕೈಗಳು ಮುಖ ಸವರಿ ಕೆಳಗಿಳಿದವು. ಜಿಪಾರಾಳ ಕೈಯೂ ಅವಳನ್ನು ಕೇಳದೆ ಇಳಿಯಿತು. ಹಿರಿಯನ ಹಾರೈಕೆ, ಅಂದರೆ ಬಾತಾ, ಆಯಿತೆಂದರೆ ಮಾತು ಮುಗಿಯಿತು. ಆಮೇಲೆ ಬಾಯಿ ತೆರೆಯುವುದು ಹರಕೆಯ ಮೇಲೆ ಉಗುಳಿದ ಹಾಗೆ.

ಅಡುಗೆಮನೆಯಲ್ಲಿ ಅವಳು ಗಂಡನನ್ನು ಹಿಡಿದುಕೊಂಡಳು. "ನಿಮ್ಮಪ್ಪಂಗೆ ಹೇಳು. ಮಧ್ಯಾಹ್ನದ ಮೇಲೆ ಆ ಬೆಟ್ಟ ಸರಿಯಿಲ್ಲ."

"ಬಾತಾ ಆಗೋಯ್ತಲ್ಲೇ."

"ನೀನು ಮಗ. ನೀನು ಹೇಳ್ಬಹುದು."

"ಹಿಮ ಬಲ್ಲೋಳು ನೀನು. ನೀನೇ ಹೇಳು ನೋಡೋಣ."

"ಸೊಸೆ ಹೋಗಿ ಮಾವಂಗೆ ಬುದ್ಧಿ ಹೇಳೋದಾ?"

"ಹಂಗಾದ್ರೆ ಇಬ್ರೂ ಪಾತ್ರೆ ತೊಳೆಯೋಣ ಬಾ," ಎಂದು ತಿಲೆಕ್ ಅಂಗಿಯ ತೋಳು ಮಡಚಿದ. ಅವನಿಗೆ ಎಲ್ಲ ಸಂಕಟಕ್ಕೂ ಇದೊಂದೇ ಮದ್ದು.

ಕೊನೆಗೆ ಅವಳು ಅತ್ತೆಯ ಕಿವಿಗೆ ಹಾಕಿದಳು, ಅತ್ತೆ ಮಾವನ ಕಿವಿಗೆ ಹಾಕಿದಳು. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಸ್ಕೀ ಬಿಚ್ಚುವುದೆಂದು ಒಪ್ಪಂದವಾಯಿತು. ಜಿಪಾರಾ ಉಸಿರು ಬಿಟ್ಟಳು. ಇಷ್ಟಾದರೂ ಆಯಿತಲ್ಲ ಎಂದುಕೊಂಡಳು.

ಇಲ್ಲೊಂದು ಮಾತು ಹೇಳಿಬಿಡಬೇಕು. ಮಾವನ ಹೆಸರು ಎಸೆನ್‌ಕುಲ್. ಇದನ್ನು ನಾನು ಹೇಳಬಹುದು, ನೀವು ಹೇಳಬಹುದು, ಜಿಪಾರಾ ಹೇಳುವಂತಿಲ್ಲ. ತಲೆಗೆ ಮದುಮಗಳ ಬಿಳಿ ವಸ್ತ್ರ ಹೊದ್ದು ಆ ಮನೆಯ ಹೊಸ್ತಿಲು ದಾಟಿದ ದಿನದಿಂದ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಹೆಸರಷ್ಟೇ ಅಲ್ಲ, ಹೆಸರಿನ ತುಂಡು ಕೂಡ ಇಲ್ಲ. ಊರೆಲ್ಲ ಒಬ್ಬರನ್ನೊಬ್ಬರು 'ಎಸೆನ್ಸಿಜ್ಬಿ, ಸುಖವೇ' ಎಂದು ಕೇಳಿಕೊಳ್ಳುವಾಗ ಅವಳು ಬರೀ ಸಲಾಂ ಎಂದು ತಲೆಬಾಗಿಸಿ ಮುಂದೆ ಹೋಗುತ್ತಿದ್ದಳು. ಆಸ್ಪತ್ರೆಯಲ್ಲಿ ಅದೇ ಹೆಸರಿನ ರೋಗಿ ಬಂದರೆ ಕರೆಯಲು ನರ್ಸಮ್ಮನನ್ನು ಕಳಿಸುತ್ತಿದ್ದಳು. ಓದಿದವಳು, ಹಲ್ಲು ಕೀಳುವವಳು, ಇದನ್ನೆಲ್ಲ ನಂಬುತ್ತಾಳೆಯೇ ಎಂದು ಕೇಳಿದರೆ ಅವಳಿಗೂ ಉತ್ತರ ಗೊತ್ತಿರಲಿಲ್ಲ. ನಾಲಿಗೆ ಹಾಗೆ ಪಳಗಿಬಿಟ್ಟಿತ್ತು.

ಅತ್ತೆಯೂ ಅಷ್ಟೇ. ಗಂಡನನ್ನು 'ಮಕ್ಕಳ ಅಪ್ಪ' ಎನ್ನುವಳು, ಸಿಟ್ಟು ಬಂದರೆ 'ಮುದುಕ' ಎನ್ನುವಳು. ಹೆಸರು ಹಿಡಿದವಳಲ್ಲ.

ಅಲ್ತಿನ್-ಕುನ್‌ನಲ್ಲಿ ಬೆಳಗ್ಗೆ ಇಳಿದಾಗ ಜಿಪಾರಾಗೆ ತನ್ನ ಅನುಮಾನದ ಮೇಲೇ ನಾಚಿಕೆಯಾಯಿತು. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಹಿಮ ಎಳೆಬಿಸಿಲಿಗೆ ಸಡಿಲಾಗಿ ರವೆ ರವೆಯಾಗಿತ್ತು. ಸ್ಕೀ ಕೇಳಿದ ಕಡೆ ತಿರುಗುತ್ತಿತ್ತು. ಅಗಲವಾದ ಇಳಿಜಾರು, ಯಾರಿಗೂ ಯಾರೂ ತಗಲುವುದಿಲ್ಲ. ಅನಾರ್ಕಾನ್ ಕೂಡ ಬೀಳದೆ ಕೆಳಗೆ ಬಂದು, "ನೋಡ್ದೆಯಾ, ನಿನ್ನ ಕತ್ತಲೆ ಹಳ್ಳದಲ್ಲಿ ಹಿಂಗೆ ಆಗ್ತಿತ್ತಾ?" ಎಂದು ಮೂಗು ಮುರಿದಳು.

"ಇಲ್ಲ ಎಜೆ, ಚೆನ್ನಾಗೇ ಇದೆ," ಎಂದಳು ಜಿಪಾರಾ. ಸುಳ್ಳಲ್ಲ.

ಮಾವ ನೀಲಿ ಜಾಕೆಟ್ಟು ಹಾಕಿ, ಕೈಗೆ ಬಸ್ಸು ಓಡಿಸುವ ಕಾಲದ ಚರ್ಮದ ಗವಸು ಹಾಕಿ ಇಳಿಯುತ್ತಿದ್ದ. ಚೌಕದಲ್ಲಿ ಬಸ್ಸು ತಿರುಗಿಸುವ ಹಾಗೆ, ಮೊದಲೇ ದೂರ ನೋಡಿ, ದೊಡ್ಡದಾಗಿ, ಗಂಭೀರವಾಗಿ ತಿರುಗುತ್ತಿದ್ದ. ಪ್ರತಿ ಸಲ ಕೆಳಗೆ ಬಂದಾಗಲೂ ಗಾಜಿನ ಮನೆಯ ಕಡೆ ಕೈ ಬೀಸುತ್ತಿದ್ದ. ಒಳಗೆ ಅತ್ತೆ ಕೂತಿದ್ದಳು, ಹೊರಗಿನ ಬೆಳಕಿಗೆ ಅವಳು ಕೈ ಬೀಸಿದಳೋ ಇಲ್ಲವೋ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಒಳಗೆ ಹೋಗಿ ಕೂತರು. ಅತ್ತೆ ಮನೆಯಿಂದ ತಂದ ಬೂರ್ಸೋಕ್ ಮೇಜಿನ ಮೇಲೆ ಸುರಿದಳು, ಕರಿದ ಹಿಟ್ಟಿನ ವಾಸನೆ ಹರಡಿತು. ಆಗ ಬಾಗಿಲಲ್ಲಿ ಒಂದು ಪುಟ್ಟ ಹುಡುಗಿ "ಅತಾ" ಎಂದು ಕೂಗಿದಳು. ಅಜ್ಜನಿಗೂ ಮಾವನಿಗೂ ನಮ್ಮಲ್ಲಿ ಅದೊಂದೇ ಕರೆ. ಅಲ್ಲಿದ್ದ ಮುದುಕರೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ಮಾವನೂ ತಿರುಗಿದ. ಮಗು ಮೂಲೆಯಲ್ಲಿ ಕೂತಿದ್ದ ಯಾರೋ ದಪ್ಪನೆಯವರ ತೊಡೆ ಹತ್ತಿತು.

"ನೋಡಿದ್ರಾ, ಈ ದೇಶದಲ್ಲಿ ಅತಾ ಅಂದ್ರೆ ಊರೇ ತಿರುಗುತ್ತೆ," ಎಂದ ಮಾವ. "ಬೆಟ್ಟದ ಮೇಲೂ ಇದೇ ಗೋಳು. ಯಾವುದೋ ಮಗು ಕೂಗಿದ್ರೆ ನಾನು ತಿರುಗಿ ನೋಡಿ ಬೀಳೋದು. ಇನ್ನು ತಿರುಗಲ್ಲ ಕಣ್ರಪ್ಪಾ."

"ನೀವು ಬಿದ್ರಾ?" ಎಂದಳು ಅತ್ತೆ.

"ಯಾಕೆ, ನೀನು ನೋಡ್ತಿರಲಿಲ್ವಾ?"

"ನೋಡ್ತಾನೇ ಇದ್ದೆ. ಎಲ್ಲಾ ಇರುವೆ ಥರ ಕಾಣ್ತೀರಾ. ಅದರಲ್ಲಿ ನಮ್ಮ ಮುದುಕ ಯಾವುದು ಅಂತ ಗೊತ್ತಾಗಲಿಲ್ಲ."

ಮಾವನ ಕೈಯಲ್ಲಿದ್ದ ಬೂರ್ಸೋಕ್ ಬಾಯಿಗೆ ಹೋಗದೆ ತಟ್ಟೆಗೆ ವಾಪಸು ಬಂತು. ಅವನ ಮುಖ ನೋಡಿ ಜಿಪಾರಾಗೆ ಪಾಪ ಎನ್ನಿಸಿತು. ಬೆಳಗಿನಿಂದ ಯಾರಿಗಾಗಿ ಅಷ್ಟು ಗಂಭೀರವಾಗಿ ತಿರುಗಿದ್ದನೋ ಅವಳಿಗೆ ಅವನು ಕಾಣಿಸಿಯೇ ಇರಲಿಲ್ಲ.

"ಇನ್ನೊಂದ್ಸಲ ಹೋಗ್ಬರ್ತೀನಿ. ಒಂದೇ ಒಂದು," ಎಂದು ಅವನು ಎದ್ದ. "ಈ ಸಲ ನಾನು ಕಾಣೋ ಹಂಗೆ ಬರ್ತೀನಿ. ಇಲ್ಲೇ ಎದುರಿಗೆ."

ಕಿಟಕಿಯಾಚೆ ಚಾವಣಿಯಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಜಿಪಾರಾ ಜೀವಮಾನದಲ್ಲಿ ಮೊದಲ ಸಲ ಮಾವನಿಗೆ ನೇರವಾಗಿ ಎದುರಾಡಿದಳು. ಎದುರಾಟವೆಂದರೆ ಇಷ್ಟೇ: "ಅತಾ, ಸಾಕು ಅನ್ಸುತ್ತೆ. ಹಿಮ ಮೆತ್ತಗಾಗ್ಬಿಟ್ಟಿದೆ."

"ಮೆತ್ತಗಿರಲಿ ಅಂತಾನೇ ತಾನೆ ಮಗಳೇ ನಾನು ಬಾತಾ ಕೊಟ್ಟಿದ್ದು," ಎಂದು ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ.

ಅವನೊಬ್ಬನನ್ನೇ ಬಿಡಲಾಗದೆ ಮಕ್ಕಳಿಬ್ಬರೂ ಎದ್ದರು, ಜಿಪಾರಾಳೂ ಎದ್ದಳು. ಲಿಫ್ಟಿನಲ್ಲಿ ಕೂತು ಮೇಲೆ ಹೋಗುವಾಗ ಅವಳು ಕೆಳಗೆ ನೋಡುತ್ತಿದ್ದಳು. ಬೆಳಗಿನ ರವೆ ಅಂಬಲಿಯಾಗಿತ್ತು. ಸ್ಕೀಗಳು ಹೋದ ಗುರುತಿನಲ್ಲಿ ನೀರು ನಿಂತಿತ್ತು. ಮಾಮೂಲಿ ದಾರಿಯಲ್ಲಿ ನಿಧಾನವಾಗಿ ಇಳಿದರೆ ಏನೂ ಆಗದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಾಮೂಲಿ ದಾರಿ ಬಿಟ್ಟು ಯಾರಾದರೂ ಯಾಕೆ ಹೋಗುತ್ತಾರೆ.

ಮೇಲೆ ತಿಲೆಕ್ ಮೊದಲು ಹೊರಟ. ಅನಾರ್ಕಾನಳ ಬೂಟಿನ ಕೊಂಡಿ ಹಾಕಿಕೊಳ್ಳದೆ ಜಿಪಾರಾ ಮಂಡಿಯೂರಿ ಅದನ್ನು ಒತ್ತುತ್ತಿದ್ದಳು. "ಮೆಲ್ಲಗೆ ಕಣೇ, ಅದು ಕಾಲು, ಹಲ್ಲಲ್ಲ," ಎಂದು ಅನಾರ್ಕಾನ್ ರೇಗುತ್ತಿದ್ದಳು. ಕೊಂಡಿ ಕೂತಿತು. ಜಿಪಾರಾ ತಲೆಯೆತ್ತಿದಳು.

ಮಾವ ದಾರಿಯಲ್ಲಿರಲಿಲ್ಲ. ಎಡಗಡೆ, ಹೋಗಬಾರದೆಂದು ಕಟ್ಟಿದ್ದ ಹಗ್ಗ ಹಿಮಕ್ಕೆ ಕುಸಿದು ಬಿದ್ದಿತ್ತು. ಅದನ್ನು ದಾಟಿ ಅವನು ದಿಬ್ಬದ ಕೆಳಗಿನ ಬಯಲಿನ ಕಡೆ ಅಡ್ಡಡ್ಡಲಾಗಿ ಜಾರುತ್ತಿದ್ದ. ಯಾರೂ ಕಾಲಿಡದ, ಗೆರೆಯೊಂದಿಲ್ಲದ ಬಿಳಿ ಇಳಿಜಾರು. ನೇರ ಕೆಳಗೆ, ಹಳ್ಳದಾಚೆ, ಗಾಜಿನ ಮನೆ. ಅಲ್ಲಿ ಅವನೊಬ್ಬನೇ ಇರುತ್ತಾನೆ, ಅಲ್ಲಿ ಇಳಿದರೆ ಹೆಂಡತಿಗೆ ಅವನು ಯಾವ ಇರುವೆಯೆಂದು ಗೊತ್ತಾಗದೆ ಇರುವುದಿಲ್ಲ. ಜಿಪಾರಾಗೆ ಅದು ಒಂದೇ ಕ್ಷಣದಲ್ಲಿ ಅರ್ಥವಾಗಿ ಕೈಕಾಲು ತಣ್ಣಗಾದವು.

ಇನ್ನೂ ತಣ್ಣಗಾಗಿಸುವಂಥದ್ದು ಅವನ ಮೇಲ್ಗಡೆ ನಡೆಯುತ್ತಿತ್ತು. ದಿಬ್ಬದ ಬಂಡೆಗಳ ಬುಡದಿಂದ ಹಿಮದ ಸಣ್ಣ ಉಂಡೆಗಳು ತಾವೇ ಕಳಚಿಕೊಂಡು ಉರುಳುತ್ತಿದ್ದವು. ಮೊದಲು ಮುಷ್ಟಿಯಷ್ಟು, ಉರುಳುತ್ತ ಉರುಳುತ್ತ ಕುಂಬಳಕಾಯಿಯಷ್ಟು. ಕುದುರೆ ಲಾಯ ಹೋದ ಮಧ್ಯಾಹ್ನವೂ ಹೀಗೇ ಉಂಡೆಗಳು ಉರುಳಿದ್ದವು, ಅವಳೂ ಅವಳ ತಮ್ಮನೂ ಅದನ್ನು ಆಟವೆಂದುಕೊಂಡು ಚಪ್ಪಾಳೆ ತಟ್ಟಿದ್ದರು.

"ಅತಾ," ಎಂದು ಕೂಗಿದಳು.

ಪಕ್ಕದ ದಾರಿಯಲ್ಲಿ ಇಳಿಯುತ್ತಿದ್ದ ಇಬ್ಬರು ಮುದುಕರು ತಿರುಗಿ ನೋಡಿದರು. ಮಾವ ತಿರುಗಲಿಲ್ಲ. ಅವಳು ಮತ್ತೆ ಕೂಗಿದಳು, ಗಂಟಲು ಹರಿಯುವ ಹಾಗೆ. "ಅತಾ, ಅತಾ." ಕೆಳಗಿನ ಲಿಫ್ಟಿನ ಸಾಲಿನಲ್ಲಿದ್ದವರು ಕೂಡ ತಲೆಯೆತ್ತಿದರು. ನೀಲಿ ಜಾಕೆಟ್ಟು ಮಾತ್ರ ತನ್ನ ಪಾಡಿಗೆ ಜಾರುತ್ತಲೇ ಇತ್ತು. ಇನ್ನು ತಿರುಗಲ್ಲ ಎಂದಿದ್ದನಲ್ಲ, ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದ.

"ಎಸೆನ್‌ಕುಲ್."

ಅನಾರ್ಕಾನ್ ಪಕ್ಕದಲ್ಲಿ ಸರಕ್ಕನೆ ಉಸಿರೆಳೆದುಕೊಂಡಳು.

"ಎಸೆನ್‌ಕುಲ್, ನಿಲ್ಲು. ನಿಂತ್ಕೋ ಅಲ್ಲೇ."

ಬರಿಯ ಹೆಸರು. ಹಿಂದಿಲ್ಲ ಮುಂದಿಲ್ಲ. ನಿಲ್ಲಿ ಅಲ್ಲ, ನಿಲ್ಲು. ಓಣಿಯಲ್ಲಿ ಆಡುವ ಹುಡುಗನನ್ನು ತಾಯಿ ಊಟಕ್ಕೆ ಕರೆಯುವ ಹಾಗೆ. ಆ ದನಿ ತನ್ನದೇ ಎಂದು ಜಿಪಾರಾಗೆ ತಿಳಿಯುವಷ್ಟರಲ್ಲಿ ಅದು ಬೆಟ್ಟಕ್ಕೆ ತಗಲಿ ವಾಪಸು ಬಂದಿತ್ತು.

ಮಾವ ನಿಂತ. ನಿಧಾನಿಸಿ ನಿಲ್ಲುವುದಲ್ಲ. ಎರಡೂ ಕೋಲುಗಳನ್ನು ಹಿಮಕ್ಕೆ ಚುಚ್ಚಿ, ಗರ ಬಡಿದವನ ಹಾಗೆ ನಿಂತಲ್ಲೇ ನಿಂತು, ತಲೆಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ.

ಅವನ ಎದುರಿನ ಬಯಲು ಹೊರಟುಹೋಯಿತು. ಸಿಡಿಲಿನಂಥ ಸದ್ದೇನೂ ಬರಲಿಲ್ಲ. ಕಾಳಿನ ಚೀಲದ ಬಾಯಿ ಬಿಚ್ಚಿ ಸುರಿದ ಹಾಗೆ ಒಂದು ಸರಸರ, ಅಷ್ಟೇ. ಮೇಲೊಂದು ಬಿರುಕು ಕಾಣಿಸಿತು, ಇಡೀ ಇಳಿಜಾರು ಸುಕ್ಕುಗಟ್ಟಿತು, ಆಮೇಲೆ ಅದೆಲ್ಲ ಒದ್ದೆ ಹಿಮವಾಗಿ, ಕಲ್ಲಾಗಿ, ಕೆಸರಾಗಿ ಹಳ್ಳಕ್ಕೆ ಇಳಿದು ಅಲ್ಲೇ ಗುಡ್ಡೆಯಾಗಿ ಕೂತಿತು. ಬಯಲಿದ್ದ ಕಡೆ ಕಂದು ಹುಲ್ಲು ಹಸಿಹಸಿಯಾಗಿ ಕಂಡಿತು. ಮಾವನ ಸ್ಕೀಗಳ ಮೂತಿ ಮುರಿದ ಅಂಚಿನಾಚೆ ಗಾಳಿಯಲ್ಲಿತ್ತು.

ಲಿಫ್ಟು ನಿಂತಿತು. ಜಿಪಾರಾ ಹಿಮದಲ್ಲೇ ಕುಕ್ಕರಿಸಿದಳು. ಅನಾರ್ಕಾನ್ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಹೇಳಿದ್ದು ಇಷ್ಟು:

"ನೀನು ಅಪ್ಪನ್ನ ಹೆಸರು ಹಿಡಿದು ಕರ್ದೆ."

ಕೆಂಪು ಜಾಕೆಟ್ಟಿನ ಕಾವಲಿನವರು ಹೋಗಿ ಮಾವನನ್ನು ಹಿಂದಕ್ಕೆ ನಡೆಸಿಕೊಂಡು ದಾರಿಗೆ ತಂದರು. ಅವನ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಜಿಪಾರಾಳ ಮುಂದೆ ಹಾದು ಹೋಗುವಾಗ ಒಂದು ಕ್ಷಣ ನಿಂತ, ಅವಳನ್ನು ಗುರುತು ಸಿಗದವರನ್ನು ನೋಡುವ ಹಾಗೆ ನೋಡಿದ, ಕೆಳಗೆ ಇಳಿದ. ಹಿಮ ಅವನನ್ನು ಬಿಟ್ಟಿತು, ನಾನು ಅವನ ಮಾನ ಕಳೆದೆ ಎಂದುಕೊಂಡಳು ಜಿಪಾರಾ.

ಗಾಜಿನ ಮನೆಯಲ್ಲಿ ಅತ್ತೆ ಎದ್ದು ನಿಂತಿದ್ದಳು. ಕೈಯಲ್ಲಿ ಚಹಾದ ಬಟ್ಟಲು ಹಾಗೇ ಇತ್ತು, ಚಹಾ ಎಲ್ಲ ನೆಲದ ಮೇಲಿತ್ತು.

"ಈ ಸಲ ಚೆನ್ನಾಗೇ ಕಾಣಿಸ್ತು," ಎಂದಳು ಗಂಡನಿಗೆ. "ನೀಲಿ ಜಾಕೆಟ್ಟು. ಕಾಣಿಸ್ತು, ಆಮೇಲೆ ಹಿಮ ಅಡ್ಡ ಬಂದು ಕಾಣಿಸಲಿಲ್ಲ, ಆಮೇಲೆ ಕಾಣಿಸ್ತು."

ಮಾವ ಕುರ್ಚಿಯಲ್ಲಿ ಕುಸಿದ. ಮಾತಾಡಿದವಳು ಅನಾರ್ಕಾನ್. "ಅಮ್ಮಾ, ಇವಳು ಏನು ಮಾಡಿದ್ಲು ಗೊತ್ತಾ? ಇಡೀ ಬೆಟ್ಟದ ಎದುರಿಗೆ ಅಪ್ಪನ ಹೆಸರು ಕೂಗಿದ್ಲು. ನಿಲ್ಲು ಅಂದ್ಲು. ನಾಯಿಗೆ ಅಂದ ಹಂಗೆ."

"ಅಕ್ಕಾ, ಅಪ್ಪ ಬದುಕಿದಾನೆ. ಮೊದಲು ಅದನ್ನ ಹೇಳು," ಎಂದ ತಿಲೆಕ್. ಅವನ ದನಿ ಎಂದೂ ಅಷ್ಟು ಏರಿದ್ದಿಲ್ಲ.

"ನಾನೇನು ಅವನು ಸತ್ತ ಅಂದ್ನಾ? ನಡೆದದ್ದು ಹೇಳ್ದೆ."

ಅತ್ತೆ ಸೊಸೆಯ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿತ್ತೋ ಇನ್ನೇನಿತ್ತೋ ಓದಲಾಗಲಿಲ್ಲ. ಜಿಪಾರಾ ಮದುವೆಯ ದಿನ ಬಾಗಿದ ಹಾಗೆ, ಕೈ ಕಟ್ಟಿ, ಸೊಂಟ ಬಗ್ಗಿಸಿ ಮಾವನ ಮುಂದೆ ಬಾಗಿದಳು. ಸುತ್ತಲಿನ ಮೇಜಿನವರೆಲ್ಲ ನೋಡುತ್ತಿದ್ದರು. "ತಪ್ಪಾಯ್ತು ಅತಾ. ಬಾಯಿ ತಪ್ಪಿ ಬಂತು."

ಬಾಗಿದ ಸೊಸೆಗೆ ಹಿರಿಯರು ಹರಸಿ ಒಂದು ಮಾತು ಹೇಳಲೇಬೇಕು. ಮಾವ ಹೇಳಲಿಲ್ಲ. ಜೇಬಿನಿಂದ ವ್ಯಾನಿನ ಕೀಲಿ ತೆಗೆದು ಎದ್ದು ಹೊರಗೆ ನಡೆದ.

"ಅಪ್ಪಾ, ನಾನು ಓಡಿಸ್ತೀನಿ," ಎಂದು ತಿಲೆಕ್ ಹಿಂದೆ ಓಡಿದ. ಮುದುಕ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಚಾಲಕನ ಸೀಟು ಹತ್ತಿದ. ಅವನು ಇರುವ ಗಾಡಿಯನ್ನು ಬೇರೆಯವರು ಓಡಿಸಿದ್ದೇ ಇಲ್ಲ.

ವ್ಯಾನು ಕಣಿವೆಗೆ ಇಳಿಯಿತು. ಮುಂದೆ ತಿಲೆಕ್, ನಡುವೆ ಅತ್ತೆ ಮತ್ತು ಅನಾರ್ಕಾನ್, ಹಿಂದೆ ಒಬ್ಬಳೇ ಜಿಪಾರಾ. ನಾಳೆ ಈ ಮನೆಯಲ್ಲಿ ಚಹಾ ಹೇಗೆ ಬಿಡುವುದು ಎಂದು ಯೋಚಿಸುತ್ತಿದ್ದಳು. ಬಟ್ಟಲು ಕೊಟ್ಟಾಗ ಮಾವ ತೆಗೆದುಕೊಳ್ಳದಿದ್ದರೆ? ಮನೆ ಬಿಟ್ಟು ಹೋಗು ಎಂದು ಯಾರೂ ಹೇಳುವುದಿಲ್ಲ. ಬಟ್ಟಲು ಮುಟ್ಟದೆ ಬಿಡುತ್ತಾರೆ, ಅಷ್ಟೇ ಸಾಕು. ಒಂದು ಜೀವ ಉಳಿದದ್ದಕ್ಕೆ ಅಳುವುದೋ, ಹೀಗೆ ಉಳಿಸಿದ್ದಕ್ಕೆ ಅಳುವುದೋ ತಿಳಿಯದೆ ಎರಡಕ್ಕೂ ಸೇರಿಸಿ ಅತ್ತಳು.

ನದಿ ದಾಟಿದ ಮೇಲೆ ಮಾವ ಕನ್ನಡಿಯಲ್ಲಿ ಹಿಂದೆ ನೋಡಿದ.

"ಜಿಪಾರಾ. ಮೊದ್ಲು ಅತಾ ಅಂತ ಕರ್ದಿದ್ದು ನೀನೇನಾ?"

"ಹೂಂ ಅತಾ. ಕರ್ದೆ. ತುಂಬಾ ಸಲ ಕರ್ದೆ."

"ಕೇಳಿಸ್ತು. ಯಾವುದೋ ಮಗು ಅಂದ್ಕೊಂಡೆ." ಅವನು ಒಂದು ತಿರುವನ್ನು ನಿಧಾನವಾಗಿ ತೆಗೆದುಕೊಂಡ. "ಆಮೇಲೆ ಕರೆದದ್ದು ನೀನು ಅಂತ ಗೊತ್ತಾಗಲಿಲ್ಲ. ನಮ್ಮವ್ವ ಅಂದ್ಕೊಂಡೆ."

ತಿಲೆಕ್ ಅಪ್ಪನ ಕಡೆ ತಿರುಗಿದ.

"ಅವ್ವ ಹೋದಾಗ ನಾನು ಸೈನ್ಯದಲ್ಲಿದ್ದೆ. ಮಣ್ಣಿಗೂ ಬರೋಕಾಗಲಿಲ್ಲ. ಅಣ್ಣಂದಿರು ಇದ್ರು, ಅವರೂ ಒಬ್ಬೊಬ್ರೇ ಹೋದ್ರು. ಡಿಪೋದಲ್ಲಿ ಅಪ್ಪನ ಹೆಸರು ಸೇರಿಸಿ ಮರ್ಯಾದೆಯಿಂದ ಕರೀತಿದ್ರು. ನೀವೆಲ್ಲ ಅಪ್ಪ ಅಂತೀರಾ, ಅತಾ ಅಂತೀರಾ. ಇವಳು ಮುದುಕ ಅಂತಾಳೆ. ಬರೀ ಹೆಸರು ಹಿಡಿದು, ನಿಲ್ಲು, ಅಂತ ಗದರೋರು ಭೂಮಿ ಮೇಲೆ ಒಬ್ರೂ ಉಳಿದಿಲ್ಲ. ಆ ದನಿ ಬಂದ ತಕ್ಷಣ ಕಾಲು ತಾನಾಗೇ ನಿಂತ್ಬಿಡ್ತು. ತಿರುಗಿ ನೋಡಿದ್ರೆ ಅವ್ವ ಇರ್ತಾಳೆ ಅಂದ್ಕೊಂಡೆ. ಹಿಮ ಹೋದದ್ದೂ ನನಗೆ ಗೊತ್ತಾಗಲಿಲ್ಲ. ನಾನು ಅವಳನ್ನ ಹುಡುಕ್ತಿದ್ದೆ."

ಜಿಪಾರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಿನ್ನ ಮುಖ ನೋಡಿ ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ," ಎಂದ ಮಾವ. "ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ. ನೀನು ಅವ್ವ ಆಗಿರಲಿಲ್ಲ, ಅದಕ್ಕೆ ಬೇಜಾರು." ಮತ್ತೆ ಕನ್ನಡಿ ನೋಡಿದ. "ಇನ್ನೊಂದ್ಸಲ ಕರೀತೀಯಾ? ಹಂಗೇ."

ಅವಳು ಬಾಯಿ ತೆರೆದಳು. ಆ ಹೆಸರಿಗಿಂತ ಹಗುರವಾದದ್ದು ಲೋಕದಲ್ಲಿಲ್ಲ, ಬೆಟ್ಟದ ಮೇಲೆ ಎಷ್ಟು ಸಲೀಸಾಗಿ ಬಂದಿತ್ತು. ಈಗ ನಾಲಿಗೆ ಮೇಲಕ್ಕೇಳಲಿಲ್ಲ. "ಅತಾ," ಎಂದಳು. ಮತ್ತೆ ಪ್ರಯತ್ನಿಸಿ, ಮತ್ತೆ "ಅತಾ" ಎಂದಳು. ಅನಾರ್ಕಾನ್ ತಿರುಗಿ ನೋಡಿದಳು. ಜಿಪಾರಾಳ ಮಂಡಿಯ ಮೇಲೆ ಕೈಯಿಟ್ಟಳು.

"ಬಿಡು," ಎಂದ ಮಾವ. "ಆಗಲ್ಲ ಅಂತ ಗೊತ್ತಿತ್ತು."

"ಎಸೆನ್‌ಕುಲ್."

ದನಿ ನಡುವಿನ ಸೀಟಿನಿಂದ ಬಂತು. ಮೆಲ್ಲಗೆ, ಒರಟಾಗಿ, ಬಳಸದೆ ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ. ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಕಿವಿಯವರೆಗೆ ಕೆಂಪಾಗಿದ್ದಳು.

ಗಾಡಿ ಗಕ್ಕನೆ ನಿಂತಿತು. ಬಸ್ಸಿನಲ್ಲಿ ನಿಂತ ಪ್ರಯಾಣಿಕರು ಒಂದು ಹೆಜ್ಜೆ ತಪ್ಪದ ಹಾಗೆ ಜೀವಮಾನವೆಲ್ಲ ಬ್ರೇಕ್ ಒತ್ತಿದ ಮನುಷ್ಯ ನಡುರಸ್ತೆಯಲ್ಲಿ ಎರಡೂ ಕಾಲು ಊರಿ ನಿಲ್ಲಿಸಿಬಿಟ್ಟಿದ್ದ. ಉಳಿದ ಬೂರ್ಸೋಕೆಲ್ಲ ಚೀಲದಿಂದ ಹಾರಿ ತಿಲೆಕ್‌ನ ತಲೆಯ ಮೇಲೆ ಸುರಿಯಿತು.

"ನಿಲ್ತೀರೋ ಇಲ್ವೋ ಅಂತ ನೋಡ್ದೆ," ಎಂದಳು ಅತ್ತೆ, ಇನ್ನೂ ಕಿಟಕಿಯನ್ನೇ ನೋಡುತ್ತ. "ನಿಂತ್ರಿ. ಸಾಕು. ಮುಂದಿನ ವರ್ಷ ಸೊಸೆ ಹೇಳಿದ ಬೆಟ್ಟಕ್ಕೇ ಹೋಗೋಣ. ನಾನು ಗಾಡೀಲೇ ಕೂತಿರ್ತೀನಿ. ನೀವು ಕಾಣ್ದೇ ಇದ್ರೆ ಕೂಗ್ತೀನಿ. ಈಗ ಹೊರಡಿ."

ಮಾವ ಹೊರಡಲಿಲ್ಲ. ಹಿಂದೆ ಒಂದು ಲಾರಿ ಬಂದು ಹಾರನ್ ಹೊಡೆಯಿತು. ಅವನು ಬಾಗಿಲು ತೆರೆದು ರಸ್ತೆಗಿಳಿದು, ಮುಖ ಆ ಕಡೆ ಮಾಡಿಕೊಂಡೇ ತಿಲೆಕ್‌ನ ಕಡೆ ಕೈ ಚಾಚಿದ. ಕೈಯಲ್ಲಿ ಕೀಲಿಯಿತ್ತು.

"ತಗೋ, ನೀನು ಓಡ್ಸು. ನಂಗೆ ರಸ್ತೆ ಕಾಣಿಸ್ತಿಲ್ಲ."